ಆಕಾಶವಾಣಿಯ ಮಾಸ್ತರರು: ಡಾ. ಎಂ.ವಿ. ಗೋಪಾಲಸ್ವಾಮಿ

ಶಾಲೆಯ ಸುವರ್ಣ ಮಹೋತ್ಸವದ ಈ ಸ್ಮರಣ ಸಂಚಿಕೆಗೆ ಒಬ್ಬ ಮಹನೀಯರ ಜೀವನ ಪರಿಚಯ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದರು. ವಿಜ್ಞಾನ ಕಲಿಸಿದವನು ನಾನಾದ್ದರಿಂದ ರಾಮನ್ ಅವರನ್ನೋ ವಿಶ್ವೇಶ್ವರಯ್ಯನವರನ್ನೋ ಆರಿಸಿಕೊಳ್ಳುತ್ತೇನೆಂದು ಅವರು ಭಾವಿಸಿದ್ದಿರಬೇಕು. ಆ ಇಬ್ಬರ ಬಗ್ಗೆ ನಮ್ಮ ಪಠ್ಯಪುಸ್ತಕಗಳಲ್ಲಿ ಸಾಕಷ್ಟು ಇದೆ. ನಾನು ಬರೆಯಹೊರಟಿರುವುದು ನಮ್ಮಂತೆಯೇ ತರಗತಿಯಲ್ಲಿ ನಿಂತು ಪಾಠ ಹೇಳಿದ, ಸಂಬಳದ ಮೇಲೆ ಬದುಕಿದ ಒಬ್ಬ ಅಧ್ಯಾಪಕರ ಬಗ್ಗೆ. ಅವರ ರೇಡಿಯೋ ಕೇಂದ್ರದ ಹೆಸರು ಇಂದು ದೇಶದ ಎಲ್ಲ ಭಾಷೆಗಳ ಜನರ ಬಾಯಲ್ಲಿದೆ. ಅವರ ಸ್ವಂತ ಹೆಸರು ಮಾತ್ರ ನಮ್ಮ ಕಡೆ ಅಷ್ಟಾಗಿ ಕೇಳಿಬರುವುದಿಲ್ಲ. ಅವರೇ ಮೈಸೂರಿನ ಮಹಾರಾಜ ಕಾಲೇಜಿನ ಮನಃಶಾಸ್ತ್ರ ಪ್ರಾಧ್ಯಾಪಕರಾಗಿದ್ದ ಡಾ. ಎಂ.ವಿ. ಗೋಪಾಲಸ್ವಾಮಿ.

ಈ ಆಯ್ಕೆಗೆ ಇನ್ನೊಂದು ಕಾರಣವೂ ಉಂಟು. ನಮ್ಮ ಸ್ಟೇಷನ್ ರಸ್ತೆಯ ಹಿರಿಯರಿಗೆ ನೆನಪಿರಬಹುದು, ರೇಡಿಯೋ ಇಟ್ಟುಕೊಳ್ಳಲು ಒಂದು ಕಾಲಕ್ಕೆ ಲೈಸೆನ್ಸ್ ಬೇಕಾಗಿತ್ತು. ಅಂಚೆ ಕಚೇರಿಗೆ ಹೋಗಿ, ವರ್ಷದ ಶುಲ್ಕ ಕಟ್ಟಿ, ಒಂದು ಚಿಕ್ಕ ಪುಸ್ತಕದಲ್ಲಿ ಮುದ್ರೆ ಹಾಕಿಸಿಕೊಂಡು ಬರುತ್ತಿದ್ದೆವು. ಎತ್ತಿನ ಬಂಡಿಗೂ ಸೈಕಲ್ಲಿಗೂ ಪಂಚಾಯಿತಿ, ಪುರಸಭೆಗಳ ಪಟ್ಟಿ ಇದ್ದ ಕಾಲವದು, ಹಾಗಾಗಿ ಇದು ಯಾರಿಗೂ ವಿಚಿತ್ರವೆನಿಸಲಿಲ್ಲ. ಆ ಶುಲ್ಕ 1980ರ ದಶಕದಲ್ಲಿ ರದ್ದಾಯಿತು. ಮುಂದೆ ನಾನು ಹತ್ತನೆಯ ತರಗತಿಗೆ ತರಂಗಗಳ ಪಾಠ ಮಾಡುವಾಗ ಈ ಮಾತು ಹೇಳಿದರೆ ಮಕ್ಕಳು ನಗುತ್ತಿದ್ದರು. ತಿಕೋಟಾ ಕಡೆಯಿಂದ ಬಸ್ಸಿನಲ್ಲಿ ಬರುತ್ತಿದ್ದ ಒಬ್ಬ ಹುಡುಗ ಮಾತ್ರ ನಗದೆ, ಆಕಾಶಕ್ಕೆ ಬೇಲಿ ಇಲ್ಲದ ಮೇಲೆ ಲೈಸೆನ್ಸ್ ಯಾತಕ್ಕೆ ಎಂದು ಕೇಳಿದ. ಒಳ್ಳೆಯ ಪ್ರಶ್ನೆ. ಅದಕ್ಕೆ ಉತ್ತರ ಹೇಳಲು ಗೋಪಾಲಸ್ವಾಮಿಯವರ ಜೀವನಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ.

ಗೋಪಾಲಸ್ವಾಮಿಯವರು ಇಂಜಿನಿಯರರಲ್ಲ, ಭೌತಶಾಸ್ತ್ರಜ್ಞರೂ ಅಲ್ಲ. ಅವರು ಓದಿದ್ದು ಮನಃಶಾಸ್ತ್ರ. ಲಂಡನ್ ವಿಶ್ವವಿದ್ಯಾಲಯದಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ ಅವರ ಬಳಿ ಸಂಶೋಧನೆ ಮಾಡಿ ಡಾಕ್ಟರೇಟ್ ಪಡೆದರು. ಮನುಷ್ಯನ ಬುದ್ಧಿಶಕ್ತಿಯನ್ನು ಅಳೆಯುವುದು ಹೇಗೆ ಎಂಬ ಶಾಸ್ತ್ರಕ್ಕೆ ಅಡಿಗಲ್ಲು ಹಾಕಿದವರಲ್ಲಿ ಸ್ಪಿಯರ್‌ಮನ್ ಒಬ್ಬರು. ಗುರುಗಳಿಂದ ಕಲಿತದ್ದನ್ನು ಹೊತ್ತುಕೊಂಡು ಗೋಪಾಲಸ್ವಾಮಿಯವರು ಮೈಸೂರಿಗೆ ಬಂದರು. 1924ರಲ್ಲಿ ಮೈಸೂರು ವಿಶ್ವವಿದ್ಯಾಲಯದಲ್ಲಿ ಮನಃಶಾಸ್ತ್ರ ವಿಭಾಗ ಆರಂಭವಾದಾಗ ಅದನ್ನು ಕಟ್ಟಿ ಬೆಳೆಸುವ ಹೊಣೆ ಅವರದಾಯಿತು. ಅದಕ್ಕೂ ಮೊದಲು ದೇಶದಲ್ಲಿ ಇಂಥ ವಿಭಾಗ ಇದ್ದದ್ದು ಕಲಕತ್ತೆಯಲ್ಲಿ. ಮನಸ್ಸಿನ ವಿಚಾರವನ್ನು ಪುಸ್ತಕದಲ್ಲಿ ಓದಿದರೆ ಸಾಲದು, ಪ್ರಯೋಗಶಾಲೆಯಲ್ಲಿ ಪರೀಕ್ಷಿಸಬೇಕು ಎಂಬ ಪರಂಪರೆಯಲ್ಲಿ ತಯಾರಾದವರು ಅವರು. ಉಪಕರಣ, ತಂತಿ, ಅಳತೆ ಇವುಗಳ ಬಗ್ಗೆ ಅವರಿಗೆ ಅಂಜಿಕೆ ಇರಲಿಲ್ಲ.

ಆ ಕಾಲದ ರೇಡಿಯೋ ಸ್ಥಿತಿಯನ್ನು ಸ್ವಲ್ಪ ತಿಳಿದುಕೊಂಡರೆ ಅವರು ಮಾಡಿದ ಕೆಲಸದ ಬೆಲೆ ಗೊತ್ತಾಗುತ್ತದೆ. ನಮ್ಮ ದೇಶದಲ್ಲಿ ಮೊದಲು ರೇಡಿಯೋ ಪ್ರಸಾರ ಮಾಡಿದವರು ಹವ್ಯಾಸಿಗಳು. 1923ರಲ್ಲಿ ಮುಂಬಯಿಯಲ್ಲಿ, 1924ರಲ್ಲಿ ಮದರಾಸಿನಲ್ಲಿ ರೇಡಿಯೋ ಕ್ಲಬ್ಬುಗಳು ಕೆಲಸ ಮಾಡಿದವು. 1927ರ ಜುಲೈ 23ರಂದು ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪನಿ ಮುಂಬಯಿಯಲ್ಲಿ ಕೇಂದ್ರ ತೆರೆಯಿತು, ಆಗಸ್ಟಿನಲ್ಲಿ ಕಲಕತ್ತೆಯಲ್ಲೂ ತೆರೆಯಿತು. ಕೇಳುಗರು ಕಡಿಮೆ, ಶುಲ್ಕದ ವಸೂಲಿ ಕಡಿಮೆ, ಖರ್ಚು ಹೆಚ್ಚು. ಮೂರೇ ವರ್ಷಕ್ಕೆ, 1930ರಲ್ಲಿ, ಕಂಪನಿ ಮುಚ್ಚಿತು. ಆಮೇಲೆ ಸರಕಾರವೇ ಅದನ್ನು ನಡೆಸಿತು. 1933ರಲ್ಲಿ ಭಾರತೀಯ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆ ಬಂತು. ಅದರ ಪ್ರಕಾರ ಲೈಸೆನ್ಸ್ ಇಲ್ಲದೆ ರೇಡಿಯೋ ಉಪಕರಣ ಕೈಯಲ್ಲಿಟ್ಟುಕೊಳ್ಳುವುದೇ ಅಪರಾಧ. ಮೊದಲ ತಪ್ಪಿಗೆ 100 ರೂಪಾಯಿವರೆಗೆ ದಂಡ. ಆ ಕಾಲದ 100 ರೂಪಾಯಿ ಎಂದರೆ ಒಬ್ಬ ಪ್ರಾಥಮಿಕ ಶಾಲೆಯ ಮಾಸ್ತರರ ಹಲವು ತಿಂಗಳ ಸಂಬಳ. ನಾವು ಅಂಚೆ ಕಚೇರಿಯಲ್ಲಿ ಮುದ್ರೆ ಹಾಕಿಸುತ್ತಿದ್ದುದರ ಹಿಂದೆ ಇದ್ದದ್ದು ಈ ಕಾನೂನು.

ಕಂಪನಿಯೊಂದು ಕೈಸುಟ್ಟುಕೊಂಡು ಹೋದ ಐದು ವರ್ಷಕ್ಕೆ ಒಬ್ಬ ಕಾಲೇಜು ಅಧ್ಯಾಪಕರು ತಮ್ಮ ಮನೆಯಲ್ಲೇ ರೇಡಿಯೋ ಕೇಂದ್ರ ತೆರೆದರು. ಮೈಸೂರಿನ ಒಂಟಿಕೊಪ್ಪಲಿನಲ್ಲಿದ್ದ ಆ ಮನೆಯ ಹೆಸರು ವಿಠ್ಠಲ ವಿಹಾರ. ದಿನಾಂಕ 1935ರ ಸೆಪ್ಟೆಂಬರ್ 10. ಪ್ರೇಷಕದ ಶಕ್ತಿ 30 ವ್ಯಾಟ್. ನಮ್ಮ ತರಗತಿಗಳಲ್ಲಿ ಇದ್ದ ಹಳೆಯ ಟ್ಯೂಬ್‌ಲೈಟು 40 ವ್ಯಾಟಿನದು, ಅದಕ್ಕಿಂತಲೂ ಕಡಿಮೆ. ಮೊದಲ ದಿನ ಕುವೆಂಪು ಅವರು ಕವಿತೆ ಓದಿದರೆಂಬುದು ಮೈಸೂರಿನ ಹಳಬರ ಮಾತು. ಮುಂದೆ 250 ವ್ಯಾಟಿನ ಪ್ರೇಷಕವನ್ನು ಹೊರದೇಶದಿಂದ ತರಿಸಿದರು. ಸಂಗೀತ, ಭಾಷಣ, ಸಾಹಿತ್ಯ ಆ ಮನೆಯಿಂದ ಹೊರಟು ಊರಿನ ಕಿವಿಗೆ ಬೀಳತೊಡಗಿದವು.

ಕೇಂದ್ರಕ್ಕೆ ಒಂದು ಹೆಸರು ಬೇಕಾಗಿತ್ತು. ಮಹಾರಾಜ ಕಾಲೇಜಿನಲ್ಲೇ ಇತಿಹಾಸ ಕಲಿಸುತ್ತಿದ್ದ, ಕನ್ನಡದ ಹಾಸ್ಯ ಸಾಹಿತಿ ನಾ. ಕಸ್ತೂರಿಯವರು ಆಕಾಶವಾಣಿ ಎಂಬ ಹೆಸರನ್ನು ಸೂಚಿಸಿದರೆಂದು ಕನ್ನಡಿಗರು ಮೊದಲಿನಿಂದ ಹೇಳಿಕೊಂಡು ಬಂದಿದ್ದಾರೆ. ಈ ಪದವನ್ನು ಯಾರೂ ಹೊಸದಾಗಿ ಹುಟ್ಟಿಸಿದ್ದಲ್ಲ. ದೇವಕಿಯ ರಥ ಹೊಡೆಯುತ್ತಿದ್ದ ಕಂಸನಿಗೆ ಆಕಾಶವಾಣಿ ಕೇಳಿಸಿದ ಕಥೆ ನಮ್ಮೂರ ಬಯಲಾಟ ನೋಡಿದ ಎಲ್ಲರಿಗೂ ಗೊತ್ತು. ಮಾತಾಡುವವರು ಕಾಣುವುದಿಲ್ಲ, ಮಾತು ಮಾತ್ರ ಮೇಲಿನಿಂದ ಬರುತ್ತದೆ. ರೇಡಿಯೋ ಎಂಬುದನ್ನು ಕಾಣದ ಹಳ್ಳಿಯ ಅಜ್ಜಿಗೂ ಒಂದೇ ಮಾತಿನಲ್ಲಿ ತಿಳಿಯುವ ಹೆಸರು. ಹಳೆಯ ಪದಕ್ಕೆ ಹೊಸ ಕೆಲಸ ಕೊಟ್ಟದ್ದು ಆ ಗೆಳೆಯರ ಬುದ್ಧಿವಂತಿಕೆ.

ಈಗ ಆ ಹುಡುಗನ ಪ್ರಶ್ನೆಗೆ ಬರುತ್ತೇನೆ. ನಮ್ಮ ರಸ್ತೆಗೆ ಹತ್ತಿರದಲ್ಲೇ ಗೋಳಗುಮ್ಮಟವಿದೆ. ಮಹಮ್ಮದ ಆದಿಲಶಾಹನ ಕಾಲದಲ್ಲಿ ಕಟ್ಟಿದ್ದು, 1656ರ ಹೊತ್ತಿಗೆ ಮುಗಿದದ್ದು. ಅದರ ಪಿಸುಗುಟ್ಟುವ ಮೊಗಸಾಲೆಗೆ ನಾವೆಲ್ಲ ಶಾಲೆಯಿಂದ ಸಾಲಾಗಿ ಹೋಗಿದ್ದೇವೆ. ಎಲ್ಲರೂ ಸುಮ್ಮನಿದ್ದು, ಒಬ್ಬನು ಗೋಡೆಗೆ ಬಾಯಿ ಹಚ್ಚಿ ಪಿಸುಮಾತಾಡಿದರೆ ಆಚೆ ಬದಿಯವನಿಗೆ ಸ್ಪಷ್ಟವಾಗಿ ಕೇಳುತ್ತದೆ. ಅದೇ ರಜಾದಿನ ಹೋಗಿ ನೋಡಿ. ನೂರಾರು ಜನ ಒಮ್ಮೆಲೇ ಕೂಗುತ್ತಾರೆ, ಒಬ್ಬೊಬ್ಬರ ಕೂಗೂ ಏಳೇಳು ಸಲ ಮರುದನಿಸುತ್ತದೆ, ಯಾರ ಮಾತೂ ಯಾರಿಗೂ ಕೇಳುವುದಿಲ್ಲ. ಗುಮ್ಮಟಕ್ಕೆ ಏನೂ ಆಗಿರುವುದಿಲ್ಲ. ಅದು ಖರ್ಚಾಗಿ ಹೋಗುವುದೂ ಇಲ್ಲ. ಆದರೂ ಯಾರಿಗೂ ಉಪಯೋಗವಿಲ್ಲ.

ರೇಡಿಯೋ ತರಂಗಗಳ ಕಥೆ ಹೀಗೆಯೇ. ಪ್ರತಿಯೊಂದು ಕೇಂದ್ರವೂ ಒಂದು ಕಂಪನಾಂಕದ ಮೇಲೆ ಮಾತಾಡುತ್ತದೆ. ಧಾರವಾಡ ಆಕಾಶವಾಣಿಯದು 765 ಕಿಲೋಹರ್ಟ್ಸ್, ಅಂದರೆ ಆ ತರಂಗ ಸೆಕೆಂಡಿಗೆ 7,65,000 ಸಲ ಕಂಪಿಸುತ್ತದೆ, ಅದರ ಉದ್ದ ಸುಮಾರು 392 ಮೀಟರ್. ಅದೇ ಅಂಕೆಯ ಮೇಲೆ ಹತ್ತಿರದಲ್ಲಿ ಇನ್ನೊಬ್ಬರು ಪ್ರಸಾರ ಮಾಡಿದರೆ ನಿಮ್ಮ ಪೆಟ್ಟಿಗೆಯಲ್ಲಿ ಬರುವುದು ಶಿಳ್ಳೆ ಮತ್ತು ಗದ್ದಲ. ರಾತ್ರಿ ಹೊತ್ತು ಈ ತೊಂದರೆ ಇನ್ನೂ ಹೆಚ್ಚು. ಹಗಲಿನಲ್ಲಿ ಮಧ್ಯಮ ತರಂಗಗಳನ್ನು ಹೀರಿಕೊಳ್ಳುವ ವಾತಾವರಣದ ಒಂದು ಪದರ ಸೂರ್ಯ ಮುಳುಗಿದ ಮೇಲೆ ಇಲ್ಲವಾಗುತ್ತದೆ. ಆಗ ತರಂಗಗಳು ಇನ್ನೂ ಮೇಲಕ್ಕೆ ಹೋಗಿ ಅಲ್ಲಿಂದ ತಿರುಗಿ ಬಹುದೂರದಲ್ಲಿ ಇಳಿಯುತ್ತವೆ. ಸ್ಟೇಷನ್ ರಸ್ತೆಯ ಅಂಗಡಿಗಳಲ್ಲಿ ರಾತ್ರಿ ಧಾರವಾಡದ ಹಾಡಿನ ಮಧ್ಯೆ ಯಾವುದೋ ಊರಿನ, ಯಾವುದೋ ಭಾಷೆಯ ಮಾತು ನುಸುಳುತ್ತಿದ್ದುದು ಇದರಿಂದಲೇ. ಆದ್ದರಿಂದ ಯಾರು, ಎಲ್ಲಿ, ಯಾವ ಅಂಕೆಯ ಮೇಲೆ, ಎಷ್ಟು ಶಕ್ತಿಯಿಂದ ಎಂಬುದನ್ನು ಗೊತ್ತುಮಾಡಲೇಬೇಕು. ಹೊಲಕ್ಕೆ ಕಾಲುವೆ ನೀರಿನ ಸರದಿ ಇದ್ದ ಹಾಗೆ. ಈ ಹಂಚಿಕೆಗೆ ದೇಶದೇಶಗಳ ಒಪ್ಪಂದವೂ ಬೇಕು, ಯಾಕೆಂದರೆ ತರಂಗಕ್ಕೆ ಗಡಿ ಗೊತ್ತಿಲ್ಲ. 1906ರಲ್ಲಿ ಬರ್ಲಿನ್‌ನಲ್ಲಿ, 1927ರಲ್ಲಿ ವಾಷಿಂಗ್ಟನ್‌ನಲ್ಲಿ ಸೇರಿದ ಸಮ್ಮೇಳನಗಳು ಈ ನಿಯಮಗಳಿಗೆ ತಳಪಾಯ ಹಾಕಿದವು.

ಮೈಸೂರಿನ ಮನೆಯ ರೇಡಿಯೋ ಈ ಲೆಕ್ಕದಿಂದ ಹೊರಗಿರಲಿಲ್ಲ. ಅದಕ್ಕೆ ವಿಯು6ಎಎಚ್ ಎಂಬ ಕರೆಗುರುತು ಇತ್ತು. ವಿಯು ಎಂಬ ಅಕ್ಷರಗಳು ಭಾರತಕ್ಕೆ ಸೇರಿದವು, ಇಂದಿಗೂ ನಮ್ಮ ಹವ್ಯಾಸಿ ರೇಡಿಯೋದವರ ಗುರುತು ಅವೇ ಅಕ್ಷರಗಳಿಂದ ಆರಂಭವಾಗುತ್ತದೆ. ಮೈಸೂರು ಆಗ ಮಹಾರಾಜರ ಸಂಸ್ಥಾನ, ಬ್ರಿಟಿಷ್ ಪ್ರಾಂತವಲ್ಲ. ನಮ್ಮ ಬಿಜಾಪುರ ಜಿಲ್ಲೆ ಮುಂಬಯಿ ಪ್ರಾಂತದಲ್ಲಿತ್ತು. ಸಂಸ್ಥಾನಗಳಿಗೆ ಪ್ರಸಾರದ ಹಕ್ಕು ಉಂಟೇ ಎಂಬುದು ಆ ದಿನಗಳ ಚರ್ಚೆಯ ವಿಷಯವೇ ಆಗಿತ್ತು. ಅದೇ 1935ರ ಆಗಸ್ಟಿನಲ್ಲಿ ಅಂಗೀಕಾರ ಪಡೆದ ಭಾರತ ಸರಕಾರ ಕಾಯ್ದೆಯ 129ನೆಯ ಕಲಂ, ಪ್ರಾಂತಗಳಿಗೂ ಒಕ್ಕೂಟ ಸೇರುವ ಸಂಸ್ಥಾನಗಳಿಗೂ ಪ್ರಸಾರದ ಅವಕಾಶವನ್ನು ಸಕಾರಣವಿಲ್ಲದೆ ನಿರಾಕರಿಸಬಾರದು ಎಂದು ಹೇಳಿತು. ಆ ಕಾಯ್ದೆಯ ಒಕ್ಕೂಟದ ಭಾಗ ಜಾರಿಗೆ ಬರಲೇ ಇಲ್ಲ. ಆದರೂ ದೆಹಲಿಯಲ್ಲಿ ಕುಳಿತವರು ಇಡೀ ದೇಶದ ಪರವಾಗಿ ಮಾತಾಡಿದರೆ ಸಾಲದು ಎಂಬ ವಿಚಾರ ಕಾಗದದ ಮೇಲೆ ಬಂದ ವರ್ಷವೇ ಮೈಸೂರಿನಲ್ಲಿ ಕನ್ನಡ ಮಾತು ತರಂಗವೇರಿತು. ದೆಹಲಿ ಕೇಂದ್ರ ಆರಂಭವಾದದ್ದು 1936ರ ಜನವರಿ 1ರಂದು, ಆಲ್ ಇಂಡಿಯಾ ರೇಡಿಯೋ ಎಂಬ ಹೆಸರು ಬಂದದ್ದು ಆ ವರ್ಷದ ಜೂನ್ 8ರಂದು. ವಿಠ್ಠಲ ವಿಹಾರ ಅವೆರಡಕ್ಕಿಂತಲೂ ಹಿರಿಯದು.

ಕೇಂದ್ರ ತೆರೆಯುವುದಕ್ಕಿಂತ ಅದನ್ನು ದಿನದಿನವೂ ನಡೆಸುವುದು ಕಷ್ಟ. ಪ್ರೇಷಕದ ವಾಲ್ವುಗಳು ಸುಟ್ಟರೆ ಹೊಸವು ಬೇಕು, ವಿದ್ಯುತ್ತಿಗೆ ಹಣ ಬೇಕು, ಹಾಡುವವರನ್ನೂ ಮಾತಾಡುವವರನ್ನೂ ಸೇರಿಸಬೇಕು. ಕಾಲೇಜಿನ ಪಾಠ ಮುಗಿಸಿ ಬಂದು ಇದಿಷ್ಟೂ ನೋಡಬೇಕು. ಸಾರ್ವಜನಿಕರ ಮತ್ತು ಮೈಸೂರು ಪುರಸಭೆಯ ನೆರವಿನೊಂದಿಗೆ ಗೋಪಾಲಸ್ವಾಮಿಯವರು ಸುಮಾರು ಆರು ವರ್ಷ ಅದನ್ನು ನಡೆಸಿದರು. ಮುಂಬಯಿಯ ಕಂಪನಿ ಮೂರು ವರ್ಷ ಬಾಳಿತ್ತೆಂಬುದನ್ನು ಇಲ್ಲಿ ನೆನೆಯಬೇಕು. 1940ರ ದಶಕದ ಆರಂಭದಲ್ಲಿ ಅವರು ಕೇಂದ್ರವನ್ನು ಮೈಸೂರು ಸರಕಾರಕ್ಕೆ ಒಪ್ಪಿಸಿದರು.

ಅವರ ಜೀವನದಲ್ಲಿ ನನ್ನನ್ನು ಬಹಳ ಯೋಚನೆಗೆ ಹಚ್ಚಿದ್ದು ಈ ಒಪ್ಪಿಸುವಿಕೆ. ತಾನು ಹುಟ್ಟಿಸಿದ್ದು ತನ್ನದೇ ಎಂದು ಹಿಡಿದುಕೊಳ್ಳುವುದು ಮನುಷ್ಯ ಸ್ವಭಾವ. ಮನಃಶಾಸ್ತ್ರದ ಅಧ್ಯಾಪಕರಿಗೆ ಅದು ಗೊತ್ತಿರದೆ ಇರಲಾರದು. ಆದರೆ ಒಬ್ಬರ ಹೆಗಲ ಮೇಲೆ ನಿಂತ ಕೇಂದ್ರ ಆ ಹೆಗಲು ಬಳಲಿದ ದಿನ ಬೀಳುತ್ತದೆ. ಊರಿಗೆ ಬೇಕಾದದ್ದು ಊರಿನ ಆಡಳಿತದ ಕೈಗೆ ಸೇರಿದರೆ ಮುಂದೆ ಉಳಿಯುತ್ತದೆ. ಹಾಗೆ ಒಪ್ಪಿಸುವುದರಲ್ಲಿ ಒಂದು ನಷ್ಟವೂ ಉಂಟು. ಸರಕಾರದ ಕೈಗೆ ಹೋದ ರೇಡಿಯೋ ಸರಕಾರದ ಮಾತನ್ನೇ ಹೆಚ್ಚು ಆಡುತ್ತದೆ. ಇದು ಬರಿಯ ಊಹೆಯಲ್ಲ. ಯುದ್ಧ ಶುರುವಾದ 1939ರಲ್ಲಿ ಬ್ರಿಟಿಷ್ ಸರಕಾರ ಹವ್ಯಾಸಿಗಳ ಲೈಸೆನ್ಸುಗಳನ್ನು ರದ್ದುಮಾಡಿತು. 1942ರಲ್ಲಿ ಕ್ವಿಟ್ ಇಂಡಿಯಾ ಚಳವಳಿಯ ಸುದ್ದಿ ಸರಕಾರಿ ರೇಡಿಯೋದಲ್ಲಿ ಬಾರದಾದಾಗ, ಮುಂಬಯಿಯಲ್ಲಿ ಉಷಾ ಮೆಹ್ತಾ ಮತ್ತು ಅವರ ಸಂಗಾತಿಗಳು 42.34 ಮೀಟರಿನ ಮೇಲೆ ಗುಪ್ತ ಕಾಂಗ್ರೆಸ್ ರೇಡಿಯೋ ನಡೆಸಿದರು. ಪೊಲೀಸರಿಗೆ ಸಿಗಬಾರದೆಂದು ಮನೆಯಿಂದ ಮನೆಗೆ ಯಂತ್ರ ಸಾಗಿಸಿದರು. ಮೂರು ತಿಂಗಳೊಳಗೆ ಸಿಕ್ಕಿಬಿದ್ದರು, ಉಷಾ ಮೆಹ್ತಾರಿಗೆ ನಾಲ್ಕು ವರ್ಷ ಸೆರೆಮನೆಯಾಯಿತು. ಅಂದರೆ ಲೈಸೆನ್ಸ್ ಎಂಬುದು ಗದ್ದಲ ತಡೆಯುವ ಸಾಧನ ಹೇಗೋ, ಬಾಯಿ ಮುಚ್ಚಿಸುವ ಸಾಧನವೂ ಹಾಗೆಯೇ ಆಗಬಹುದು. ಕತ್ತಿಯ ಎರಡೂ ಅಂಚನ್ನು ಮಕ್ಕಳಿಗೆ ತೋರಿಸುವುದು ನಮ್ಮ ಕರ್ತವ್ಯ.

ಸ್ವಾತಂತ್ರ್ಯ ಬಂದ ಮೇಲೆ ಸಂಸ್ಥಾನಗಳ ರೇಡಿಯೋಗಳು ಒಂದಾದವು. 1950ರಲ್ಲಿ ಮೈಸೂರಿನ ಕೇಂದ್ರ ಆಲ್ ಇಂಡಿಯಾ ರೇಡಿಯೋದಲ್ಲಿ ಸೇರಿತು. ಅದೇ ವರ್ಷದ ಜನವರಿ 8ರಂದು ಧಾರವಾಡ ಕೇಂದ್ರ ಆರಂಭವಾಗಿ ನಮ್ಮ ಕಡೆಯ ಹಾಡು, ನಮ್ಮ ಕಡೆಯ ಮಾತು ರೇಡಿಯೋದಲ್ಲಿ ಕೇಳತೊಡಗಿತು. 30 ವ್ಯಾಟಿನಿಂದ ಆರಂಭವಾದ ಕನ್ನಡ ಪ್ರಸಾರ ಮುಂದೆ ಧಾರವಾಡದ 200 ಕಿಲೋವ್ಯಾಟಿನವರೆಗೆ ಬೆಳೆಯಿತು. ಭಾಗಿಸಿ ನೋಡಿದರೆ ಆರು ಸಾವಿರ ಪಟ್ಟಿಗಿಂತ ಹೆಚ್ಚು. 1955ರಲ್ಲಿ ಬೆಂಗಳೂರು ಕೇಂದ್ರ ಬಂತು. ನಂತರ ನಮ್ಮ ಊರಿಗೂ ಎಫ್.ಎಂ. ಆಕಾಶವಾಣಿ ಬಂತು. 1957ರಿಂದ ಆಲ್ ಇಂಡಿಯಾ ರೇಡಿಯೋಗೆ ಆಕಾಶವಾಣಿ ಎಂಬ ಹೆಸರು ಬಳಕೆಯಾಯಿತು. 2023ರ ಮೇ ತಿಂಗಳಲ್ಲಿ ಇಂಗ್ಲಿಷ್ ಹೆಸರನ್ನು ಬಿಟ್ಟು ಆಕಾಶವಾಣಿ ಎಂದಷ್ಟೇ ಹೇಳಬೇಕೆಂಬ ಆದೇಶವೂ ಆಯಿತು. ವಿಠ್ಠಲ ವಿಹಾರದ ಹೆಸರು ಇಡೀ ದೇಶದ ಹೆಸರಾಯಿತು.

ಪಾಠ ಹೇಳುವುದಕ್ಕೆ ರೇಡಿಯೋ ಒದಗುತ್ತದೆ ಎಂಬುದು ನಮ್ಮ ಪ್ರಾಥಮಿಕ ಶಾಲೆಗಳಿಗೆ ಹೊಸ ಮಾತಲ್ಲ. ಕೇಳಿ ಕಲಿ ಕಾರ್ಯಕ್ರಮ ಬರುವಾಗ ರೇಡಿಯೋವನ್ನು ಮೇಜಿನ ಮೇಲಿಟ್ಟು ಮಕ್ಕಳನ್ನು ಸುತ್ತ ಕೂರಿಸಿದ ಶಿಕ್ಷಕ ಬಂಧುಗಳು ತಿಕೋಟಾ, ಬಬಲೇಶ್ವರ ಭಾಗದಲ್ಲಿ ಅನೇಕರಿದ್ದಾರೆ. ಮಾಸ್ತರರೊಬ್ಬರ ಮನೆಯಿಂದ ಹೊರಟ ದನಿ ಎಪ್ಪತ್ತು ವರ್ಷ ಸುತ್ತಿ ಶಾಲೆಗೇ ಬಂದು ಸೇರಿತೆಂದು ನಾನು ತಿಳಿಯುತ್ತೇನೆ.

ತರಂಗ ಯಾರದು ಎಂಬ ಪ್ರಶ್ನೆ ಅವರ ಕಾಲಕ್ಕೆ ಮುಗಿಯಲಿಲ್ಲ. 1995ರ ಫೆಬ್ರವರಿ 9ರಂದು ಸರ್ವೋಚ್ಚ ನ್ಯಾಯಾಲಯ, ಕ್ರಿಕೆಟ್ ಪಂದ್ಯದ ಪ್ರಸಾರದ ಮೊಕದ್ದಮೆಯೊಂದರಲ್ಲಿ, ಪ್ರಸಾರದ ತರಂಗಗಳು ಸಾರ್ವಜನಿಕರ ಆಸ್ತಿ ಎಂದು ತೀರ್ಪು ಕೊಟ್ಟಿತು. ಅಂದರೆ ಅದು ಸರಕಾರದ ಸ್ವಂತದ್ದಲ್ಲ, ಕಂಪನಿಯ ಸ್ವಂತದ್ದೂ ಅಲ್ಲ. ಊರ ಕೆರೆ ಇದ್ದ ಹಾಗೆ, ಸರಕಾರ ಅದನ್ನು ಜನರ ಪರವಾಗಿ ನೋಡಿಕೊಳ್ಳಬೇಕು. 2001ರ ಜುಲೈನಲ್ಲಿ ಬೆಂಗಳೂರಿನಲ್ಲಿ ದೇಶದ ಮೊದಲ ಖಾಸಗಿ ಎಫ್.ಎಂ. ಕೇಂದ್ರ ಆರಂಭವಾಯಿತು. ಹಣವಿದ್ದವರಿಗೆ ಬಾಗಿಲು ತೆರೆಯಿತು, ಹಳ್ಳಿಗೆ ತೆರೆಯಲಿಲ್ಲ. ಕೋಲಾರ ಜಿಲ್ಲೆಯ ಬೂದಿಕೋಟೆಯ ಜನ 2003ರಲ್ಲಿ ನಮ್ಮ ಧ್ವನಿ ಎಂಬ ರೇಡಿಯೋ ಮಾಡಿದಾಗ ಅವರಿಗೆ ತರಂಗ ಬಳಸುವ ಅನುಮತಿ ಇರಲಿಲ್ಲ. ಅವರು ಕೇಬಲ್ ತಂತಿಯ ಮೂಲಕವೇ ಮನೆಮನೆಗೆ ದನಿ ಮುಟ್ಟಿಸಿದರು. 2006ರಲ್ಲಿ ಸಮುದಾಯ ರೇಡಿಯೋ ನೀತಿ ವಿಸ್ತಾರಗೊಂಡು, ಶಿಕ್ಷಣ ಸಂಸ್ಥೆಗಳ ಜೊತೆ ಲಾಭದಾಸೆಯಿಲ್ಲದ ಸಂಘಗಳೂ ಅರ್ಜಿ ಹಾಕಬಹುದೆಂದಾಯಿತು.

ಈಗ ತರಂಗಗಳ ಹೆಚ್ಚಿನ ಗದ್ದಲ ಮೊಬೈಲಿನದು. ನಿಮ್ಮ ಕೈಯ ಫೋನೂ ಒಂದು ಚಿಕ್ಕ ಪ್ರೇಷಕವೇ. 2022ರ ಹರಾಜಿನಲ್ಲಿ ಸರಕಾರ 51,236 ಮೆಗಾಹರ್ಟ್ಸ್ ತರಂಗಗಳ ಬಳಕೆಯ ಹಕ್ಕನ್ನು 1,50,173 ಕೋಟಿ ರೂಪಾಯಿಗೆ ಕೊಟ್ಟಿತು. ಕಣ್ಣಿಗೆ ಕಾಣದ, ತೂಕವಿಲ್ಲದ ವಸ್ತುವಿನ ಬೆಲೆ ಇದು. ಹಾಗೆಂದು ಎಲ್ಲವೂ ಹರಾಜಿನದಲ್ಲ. ವೈಫೈ ಬಳಸುವ 2.4 ಗಿಗಾಹರ್ಟ್ಸ್ ಪಟ್ಟಿಯನ್ನು 2005ರಲ್ಲಿ ಲೈಸೆನ್ಸಿನಿಂದ ಮುಕ್ತ ಮಾಡಲಾಗಿದೆ. ಶಕ್ತಿ ಕಡಿಮೆಯಾಗಿದ್ದು, ನೆರೆಯವರಿಗೆ ತೊಂದರೆ ಇಲ್ಲದಿದ್ದರೆ ಯಾರನ್ನೂ ಕೇಳಬೇಕಾಗಿಲ್ಲ ಎಂಬುದು ಅದರ ತತ್ವ. 1885ರ ಟೆಲಿಗ್ರಾಫ್ ಕಾಯ್ದೆ ಮತ್ತು 1933ರ ವೈರ್‌ಲೆಸ್ ಕಾಯ್ದೆಗಳ ಜಾಗಕ್ಕೆ 2023ರಲ್ಲಿ ಹೊಸ ದೂರಸಂಪರ್ಕ ಕಾಯ್ದೆ ಅಂಗೀಕಾರವಾಯಿತು. ಹರಾಜು ಸಾಮಾನ್ಯ ನಿಯಮ, ಕೆಲವು ಸಾರ್ವಜನಿಕ ಉದ್ದೇಶಗಳಿಗೆ ಹರಾಜಿಲ್ಲದೆ ನೇರ ಹಂಚಿಕೆ ಎಂದು ಅದು ಹೇಳುತ್ತದೆ. ಆ ನೇರ ಹಂಚಿಕೆಯಲ್ಲಿ ಹಳ್ಳಿಗೆ, ಶಾಲೆಗೆ, ಚಿಕ್ಕ ಭಾಷೆಗೆ ಎಷ್ಟು ಜಾಗ ಉಳಿಯುತ್ತದೆ ಎಂಬುದನ್ನು ನಾವು ಕೇಳುತ್ತಲೇ ಇರಬೇಕು. ಕೇಳದವರ ಪಾಲಿಗೆ ಸರದಿ ಬರುವುದಿಲ್ಲ, ಕಾಲುವೆಯ ಕೊನೆಯ ಹೊಲದವರಿಗೆ ಇದು ಚೆನ್ನಾಗಿ ಗೊತ್ತು.

ಡಾ. ಗೋಪಾಲಸ್ವಾಮಿಯವರು ಗತಿಸಿ ಬಹಳ ಕಾಲವಾಯಿತು. ಅವರನ್ನು ನೆನೆಯಲು ಹಾರ, ಭಾಷಣಗಳಿಗಿಂತ ಒಳ್ಳೆಯ ದಾರಿ ಇದೆ ಎಂದು ನನ್ನ ನಂಬಿಕೆ. ಸಮುದಾಯ ರೇಡಿಯೋಗೆ ಗರಿಷ್ಠ 100 ವ್ಯಾಟ್ ಪ್ರಸಾರ ಶಕ್ತಿ, 30 ಮೀಟರ್ ಎತ್ತರದ ಕಂಬದ ಮಿತಿ ಇದೆ. ಹತ್ತು-ಹದಿನೈದು ಕಿಲೋಮೀಟರ್ ಸುತ್ತಳತೆಗೆ ಅದರ ದನಿ ಸಾಕು. ಸ್ಟೇಷನ್ ರಸ್ತೆಯಿಂದ ಹೊರಟ ದನಿ ತಿಕೋಟಾ, ಬಬಲೇಶ್ವರಗಳನ್ನು ಮುಟ್ಟಲಾರದು, ಅವರವರಿಗೆ ಅವರವರ ಕೇಂದ್ರವೇ ಬೇಕು. ಅದು ಕೊರತೆಯೇನಲ್ಲ. ದನಿ ದೂರ ಹೋಗದಿರುವುದರಿಂದಲೇ ಒಂದೇ ಕಂಪನಾಂಕವನ್ನು ಇನ್ನೊಂದು ಊರಿಗೂ ಕೊಡಲು ಬರುತ್ತದೆ. ದ್ರಾಕ್ಷಿ ಬೆಳೆಗಾರರಿಗೆ ಹವಾಮಾನ, ಪರೀಕ್ಷೆ ಬರೆಯುವ ಮಕ್ಕಳಿಗೆ ಸಂಜೆಯ ಪಾಠ, ನಮ್ಮ ಮುದುಕಿಯರ ಸೋಬಾನೆ ಪದ, ಡೊಳ್ಳಿನ ಹಾಡು, ಇವೆಲ್ಲ ನಮ್ಮದೇ ಮಾತಿನಲ್ಲಿ ಬರಲು ಸಾಧ್ಯ. ಖರ್ಚು ಇದೆ, ಅರ್ಜಿಯ ಓಡಾಟ ಇದೆ, ದಿನವೂ ನಡೆಸುವ ಕಷ್ಟ ಎಲ್ಲಕ್ಕಿಂತ ದೊಡ್ಡದು. ಹಳೆಯ ವಿದ್ಯಾರ್ಥಿಗಳಲ್ಲಿ ಇಂಜಿನಿಯರರೂ, ವ್ಯಾಪಾರಸ್ಥರೂ, ರೈತರೂ, ಕಲಾವಿದರೂ ಇದ್ದೀರಿ. ಮೈಸೂರಿನಲ್ಲಿ ಒಬ್ಬ ಮಾಸ್ತರರು 30 ವ್ಯಾಟಿನಿಂದ ಆರಂಭಿಸಿದರು. ನಮಗೆ ಕಾನೂನೇ 100 ವ್ಯಾಟ್ ಕೊಡುತ್ತದೆ. ಸುವರ್ಣ ಮಹೋತ್ಸವದ ಸಭೆಯಲ್ಲಿ ಈ ವಿಷಯವನ್ನೂ ಒಮ್ಮೆ ಚರ್ಚೆಗೆ ತೆಗೆದುಕೊಳ್ಳಬೇಕೆಂದು ಎಲ್ಲರಲ್ಲಿ ವಿನಂತಿಸುತ್ತೇನೆ.